ಬಸ್ ಆಮೇಲೆ, ಮೊದಲು ರಸ್ತೆ ಹಾಕಿಕೊಡಿ

2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಂಡಿಸಿದ ರಾಜ್ಯ ಬಜೆಟ್‌ನಲ್ಲಿ ಸಿನಿಮಾಗೆ ಸಂಬಂಧಪಟ್ಟ ಹಲವು ಘೋಷಣೆಗಳಿದ್ದವು. ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ, ಚಿತ್ರರಂಗಕ್ಕೆ ಉದ್ಯಮದ ಸ್ಥಾನಮಾನ, ಮೈಸೂರಿನಲ್ಲಿ 150 ಎಕರೆಯ ಫಿಲ್ಮ್ ಸಿಟಿ. ಇವುಗಳ ಜೊತೆಗೆ ಇನ್ನೊಂದು ಸಾಲು: ಕನ್ನಡ ಸಿನಿಮಾಗಳಿಗಾಗಿ ಸರ್ಕಾರದ್ದೇ ಒಂದು ಒಟಿಟಿ. ಟಿಕೆಟ್ ದರದ ಬಗ್ಗೆ ಎಲ್ಲರೂ ಮಾತಾಡಿದರು. ಒಟಿಟಿ ಬಗ್ಗೆ ಅಷ್ಟಾಗಿ ಯಾರೂ ಮಾತಾಡಲಿಲ್ಲ. ಆದರೆ ನಾವು, ಅಂದ್ರೆ ಫೋನಿನಲ್ಲೇ ಬದುಕೋ ಈ ವಯಸ್ಸಿನವರು, ಮಾತಾಡಬೇಕಾಗಿರೋದು ಅದರ ಬಗ್ಗೆಯೇ ಅನ್ನೋದು ನನ್ನ ಅನಿಸಿಕೆ.

ಸಮಸ್ಯೆ ಇಲ್ಲ ಅಂತ ನಾನು ಹೇಳ್ತಿಲ್ಲ. ಸಮಸ್ಯೆ ನಿಜ. ರಕ್ಷಿತ್ ಶೆಟ್ಟಿಯವರ ಸಂಸ್ಥೆ ‘ಏಕಂ’ ಅನ್ನೋ ಏಳು ಕಂತಿನ ಕನ್ನಡ ವೆಬ್ ಸೀರೀಸ್ ಮಾಡಿತು. ಯಾವ ದೊಡ್ಡ ಒಟಿಟಿಯೂ ಅದನ್ನು ತೆಗೆದುಕೊಳ್ಳಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ಅವರು ತಮ್ಮದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿದರು. ಅಷ್ಟು ಹೆಸರಿರೋ ನಟ-ನಿರ್ಮಾಪಕರಿಗೇ ಹೀಗಾದ್ರೆ ಹೊಸಬರ ಗತಿ ಏನು? 2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆಯಾಗಿರುವವರು ಸುಮಾರು 4 ಕೋಟಿ 37 ಲಕ್ಷ ಜನ. ಇಷ್ಟು ಜನರಿರೋ ಭಾಷೆಯ ಕೆಲಸಕ್ಕೆ ಕೊಳ್ಳೋರೇ ಇಲ್ಲ ಅಂದ್ರೆ ಸರ್ಕಾರ ಕೈ ಹಾಕಬೇಕು ಅನ್ನೋದು ಸಹಜವಾದ ಬೇಡಿಕೆ.

ಪ್ರಶ್ನೆ ಏನಂದ್ರೆ, ಕೈ ಹಾಕೋದು ಎಲ್ಲಿ?

ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲಿ ‘ಸಿ ಸ್ಪೇಸ್’ ಅನ್ನೋ ಒಟಿಟಿ ಶುರು ಮಾಡಿತು. ನೋಡಿದ್ದಕ್ಕೆ ಮಾತ್ರ ದುಡ್ಡು, ಒಂದು ಪೂರ್ತಿ ಸಿನಿಮಾಗೆ 75 ರೂಪಾಯಿ. ಅದೇ ವರ್ಷ ನವೆಂಬರ್‌ನಲ್ಲಿ ಪ್ರಸಾರ ಭಾರತಿ ‘ವೇವ್ಸ್’ ತಂದಿತು. ಈಗ ನಿಮ್ಮ ಫೋನ್ ತೆಗೆದು ನೋಡಿ. ಈ ಎರಡರಲ್ಲಿ ಒಂದಾದರೂ ಇದೆಯಾ? ಇದ್ರೆ ಕೊನೇ ಸಲ ಯಾವಾಗ ತೆಗೆದಿರಿ? ಆ್ಯಪ್ ಕಟ್ಟೋದು ದೊಡ್ಡ ವಿಷಯ ಅಲ್ಲ, ನಮ್ಮ ಕ್ಲಾಸಿನವರೇ ಮಿನಿ ಪ್ರಾಜೆಕ್ಟಿಗೆ ಒಂದು ಕಟ್ಟಿಬಿಡ್ತಾರೆ. ಕಷ್ಟ ಇರೋದು ಜನ ದಿನಾ ಅದನ್ನು ತೆಗೆಯೋ ಹಾಗೆ ಮಾಡೋದರಲ್ಲಿ. ಅದಕ್ಕೆ ವಾರ ವಾರ ಹೊಸ ಕಂಟೆಂಟ್ ಬೇಕು, ಜಾಹೀರಾತಿಗೆ ಕೋಟಿಗಟ್ಟಲೆ ದುಡ್ಡು ಬೇಕು. ಇದು ಟೆಂಡರ್ ಕರೆದು ಆಗೋ ಕೆಲಸ ಅಲ್ಲ.

‘ಸರ್ಕಾರ ಬಿಎಂಟಿಸಿ ಬಸ್ ಓಡಿಸ್ತಾ ಇಲ್ವಾ? ಒಟಿಟಿ ಯಾಕೆ ಓಡಿಸಬಾರದು?’ ಅಂತ ಕ್ಲಬ್ಬಿನ ಗೆಳೆಯನೊಬ್ಬ ಕೇಳಿದ. ಒಳ್ಳೆ ಪ್ರಶ್ನೆ. ಆನೇಕಲ್ ಬಸ್ ಸ್ಟ್ಯಾಂಡಿನಲ್ಲಿ ಬೆಳಗ್ಗೆ ಏಳಕ್ಕೇ ಜನ ಬಸ್ಸಿಗೆ ಕಾಯ್ತಾ ನಿಂತಿರ್ತಾರೆ. ಹೊಸ ಆ್ಯಪ್‌ಗೆ ಹಾಗೆ ಯಾರೂ ಕಾಯ್ತಾ ನಿಂತಿಲ್ಲ. ಅವರೆಲ್ಲ ಆಗಲೇ ಯೂಟ್ಯೂಬ್ ಹತ್ತಿ ಕೂತಾಗಿದೆ.

ಹಾಗಾದ್ರೆ ಸರ್ಕಾರ ಏನು ಮಾಡಬೇಕು? ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಆನೇಕಲ್‌ನಿಂದ ಹೊರಟು ಚಂದಾಪುರದಲ್ಲಿ ಹೊಸೂರು ರಸ್ತೆ ಸೇರಿ, ಬೊಮ್ಮಸಂದ್ರ, ಹೆಬ್ಬಗೋಡಿ ದಾಟಿದ್ರೆ ಎಲೆಕ್ಟ್ರಾನಿಕ್ ಸಿಟಿ. ಇವತ್ತು ಅದು ಅಂದ್ರೆ ನಮಗೆ ಇನ್ಫೋಸಿಸ್, ಟ್ರಾಫಿಕ್, ಪ್ಲೇಸ್‌ಮೆಂಟ್. ಆದರೆ ಅದನ್ನು ಶುರು ಮಾಡಿದ್ದು ಯಾವುದೋ ಖಾಸಗಿ ಕಂಪನಿ ಅಲ್ಲ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ, ಆರ್.ಕೆ. ಬಾಳಿಗಾ ಅವರ ಮುಂದಾಳತ್ವದಲ್ಲಿ, 1970ರ ದಶಕದ ಕೊನೆಗೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಅದನ್ನು ಶುರು ಮಾಡಿತು. ಆಗ ಅದು ಊರಾಚೆಯ ಹೊಲಗದ್ದೆ.

ಇನ್ನೊಂದು ಕಥೆ ಕೇಳಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ವಿದೇಶಕ್ಕೆ ಡೇಟಾ ಕಳಿಸೋಕೆ ತನಗೇ ಅಂತ ಒಂದು ಉಪಗ್ರಹ ಡಿಶ್ ಹಾಕಿಸಿಕೊಳ್ಳಬೇಕಾಯಿತು. ದೊಡ್ಡ ಕಂಪನಿ, ಹಾಕಿಸಿಕೊಂಡಿತು. ಸಣ್ಣ ಕಂಪನಿಗಳು ಏನು ಮಾಡಬೇಕು? 1991ರಲ್ಲಿ ಕೇಂದ್ರ ಸರ್ಕಾರ ಎಸ್‌ಟಿಪಿಐ ಶುರು ಮಾಡಿ, ಅಂಥ ಉಪಗ್ರಹ ಸಂಪರ್ಕವನ್ನು ಸಣ್ಣ ಸಾಫ್ಟ್‌ವೇರ್ ಕಂಪನಿಗಳಿಗೂ ಹಂಚಿಕೊಟ್ಟಿತು. ಆಮೇಲೆ ಆಗಿದ್ದು ನಮ್ಮ ಕಣ್ಣ ಮುಂದೆಯೇ ಇದೆ.

ಇಲ್ಲಿ ಗಮನಿಸಿ, ಸರ್ಕಾರ ಸಾಫ್ಟ್‌ವೇರ್ ಬರೆಯಲಿಲ್ಲ. ಜಾಗ, ರಸ್ತೆ, ಕರೆಂಟು, ಡಿಶ್ ಕೊಟ್ಟಿತು. ಒಬ್ಬೊಬ್ಬರೇ ಮಾಡಿಕೊಳ್ಳೋಕೆ ಆಗದ, ಎಲ್ಲರಿಗೂ ಬೇಕಾದ ವಸ್ತುಗಳನ್ನು ಮಾಡಿಕೊಟ್ಟಿತು. ಕನ್ನಡದ ಡಿಜಿಟಲ್ ಕಂಟೆಂಟ್‌ಗೂ ನಾನು ಕೇಳ್ತಿರೋದು ಇದನ್ನೇ.

‘ಸರ್ಕಾರ ಆಗಲೇ ಮಾಡ್ತಿದೆಯಲ್ಲ, ಎವಿಜಿಸಿ ಪಾಲಿಸಿ ಇದೆಯಲ್ಲ’ ಅಂತ ಅನಿಮೇಷನ್ ಆಸಕ್ತಿ ಇರೋರು ಹೇಳಬಹುದು. ಹೌದು, ಇದೆ. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್‌ಗೆ 2012ರಲ್ಲೇ ದೇಶದಲ್ಲಿ ಮೊದಲು ನೀತಿ ತಂದಿದ್ದು ಕರ್ನಾಟಕ. ವೈಟ್‌ಫೀಲ್ಡ್ ಕಡೆ ಮಹದೇವಪುರದಲ್ಲಿ 2021ರಲ್ಲಿ ಇದಕ್ಕೇ ಒಂದು ಸೆಂಟರ್ ಆಫ್ ಎಕ್ಸಲೆನ್ಸ್ ಶುರುವಾಯಿತು. 2024ರಿಂದ 2029ರವರೆಗಿನ ಮೂರನೇ ನೀತಿಗೆ ಇಟ್ಟಿರೋದು 150 ಕೋಟಿ ರೂಪಾಯಿ. ಗುರಿ 30,000 ಹೊಸ ಉದ್ಯೋಗ, ಮತ್ತು ಒಟ್ಟು ಆದಾಯದಲ್ಲಿ ಕನಿಷ್ಠ ಶೇ. 80 ರಫ್ತಿನಿಂದ.

ಉದ್ಯೋಗ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಶೇ. 80ರ ಅರ್ಥ ಏನು? ನೂರು ರೂಪಾಯಿ ಕೆಲಸದಲ್ಲಿ ಎಂಬತ್ತು ರೂಪಾಯಿಯದ್ದು ಬೇರೆ ದೇಶದವರ ಕಥೆಗೆ. ಹಾಲಿವುಡ್ ಸಿಂಹದ ಒಂದೊಂದು ಕೂದಲನ್ನೂ ಬೆಂಗಳೂರಿನ ಹುಡುಗರು ಕೂತು ಬಾಚ್ತಾರೆ, ಆದರೆ ನಮ್ಮ ಪುಣ್ಯಕೋಟಿ ಕಥೆಯ ಹುಲಿಗೆ ಅಂಥ ಕೂದಲು ಬರೋದು ಯಾವಾಗ? ಇದು ಬರೀ ಅಭಿಮಾನದ ಮಾತಲ್ಲ, ಹೊಟ್ಟೆಪಾಡಿನ ಮಾತೂ ಹೌದು. 2025ರ ಫೆಬ್ರವರಿಯಲ್ಲಿ ಪ್ಯಾರಿಸ್ ಮೂಲದ ಟೆಕ್ನಿಕಲರ್ ಗ್ರೂಪ್ ಕುಸಿದಾಗ ಬೆಂಗಳೂರು, ಮುಂಬೈನ ಸ್ಟುಡಿಯೋಗಳಲ್ಲಿ ಸಾವಿರಾರು ಕಲಾವಿದರ ಕೆಲಸ ಹೋಯಿತು. ಅವರ ಕೈಯಲ್ಲಿ ವಿದ್ಯೆ ಇತ್ತು. ಆದರೆ ಕಥೆ, ಹಕ್ಕು, ಗಿರಾಕಿ ಮೂರೂ ಬೇರೆಯವರದ್ದು. ಮನೆಯಲ್ಲೇ ಒಂದು ಸಣ್ಣ ಮಾರುಕಟ್ಟೆ ಇದ್ದಿದ್ದರೆ ಎಲ್ಲರೂ ಉಳೀತಿರಲಿಲ್ಲ, ಕೆಲವರಾದರೂ ಉಳೀತಿದ್ದರು.

ಈಗ ‘ಕನ್ನಡದ ರಸ್ತೆ’ ಅಂದ್ರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಮೂರು ವಸ್ತು.

ಮೊದಲನೆಯದು ಪಠ್ಯ. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ತನ್ನದೇ ಒಂದು ಸಂಖ್ಯೆ ಇರುತ್ತೆ. ‘ಕ’ ಅಂದ್ರೆ 3221, ಯಾವ ಫೋನಿಗೆ ಹೋದರೂ ಅದು ‘ಕ’ನೇ. ಯೂನಿಕೋಡ್ ಬಳಕೆಗೆ ಬರೋ ಮುಂಚಿನ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರ್ತಿದ್ರು. ಸ್ಕ್ರೀನ್ ಮೇಲೆ ಕನ್ನಡ ಕಾಣುತ್ತೆ, ಆದರೆ ಕಂಪ್ಯೂಟರಿಗೆ ಅದು ಅರ್ಥವಿಲ್ಲದ ಇಂಗ್ಲಿಷ್. ಫಾಂಟ್ ಬದಲಾಯಿಸಿದ್ರೆ ಮುಗೀತು, ಗೂಗಲ್‌ನಲ್ಲಿ ಹುಡುಕಿದ್ರೆ ಸಿಗೋದೇ ಇಲ್ಲ. ಎಷ್ಟೋ ವರ್ಷ ಕನ್ನಡವನ್ನು ಹೀಗೇ ಟೈಪ್ ಮಾಡಿದ್ದಾರೆ. ಅದನ್ನೆಲ್ಲ ಯೂನಿಕೋಡ್‌ಗೆ ತಂದು ಎಲ್ಲರಿಗೂ ಸಿಗೋ ಹಾಗೆ ಇಟ್ಟರೆ ಏನಾಗುತ್ತೆ? ‘ವಚನ ಸಂಚಯ’ ನೋಡಿ. ಸಮಗ್ರ ವಚನ ಸಂಪುಟಗಳನ್ನು ಹೊರತಂದಿದ್ದು ಸರ್ಕಾರ. 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಾಕಿ ಹುಡುಕೋ ಹಾಗೆ ಮಾಡಿದ್ದು ಓಂಶಿವಪ್ರಕಾಶ್ ಮತ್ತು ಗೆಳೆಯರ ‘ಸಂಚಯ’ ತಂಡ, ಓ.ಎಲ್. ನಾಗಭೂಷಣ ಸ್ವಾಮಿಯವರ ಮಾರ್ಗದರ್ಶನದಲ್ಲಿ. ಅಕ್ಕಮಹಾದೇವಿ ಒಂದು ಪದವನ್ನು ಎಲ್ಲೆಲ್ಲಿ ಬಳಸಿದ್ದಾರೆ ಅಂತ ನನ್ನಂಥ ಇಂಗ್ಲಿಷ್ ಮೀಡಿಯಂ ಹುಡುಗನೂ ಅಲ್ಲಿ ಹುಡುಕಬಹುದು. ಸರ್ಕಾರ ಅರ್ಧ ರಸ್ತೆ ಹಾಕಿತ್ತು, ಉಳಿದರ್ಧವನ್ನು ಇವರು ಹಾಕಿದರು. ಪ್ರತಿ ಸಲವೂ ಉಳಿದರ್ಧವನ್ನು ಯಾರೋ ಬಿಡುವಿನ ವೇಳೆಯಲ್ಲಿ ಹಾಕಲಿ ಅಂತ ಬಿಟ್ಟುಬಿಡೋಕಾಗುತ್ತಾ?

ಎರಡನೆಯದು ಮಾತು ಮತ್ತು ಸಬ್‌ಟೈಟಲ್. ಐಐಎಸ್‌ಸಿ ಗೂಗಲ್ ಜೊತೆ ಸೇರಿ ‘ವಾಣಿ’ ಅನ್ನೋ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ರೆಕಾರ್ಡ್ ಮಾಡಿ ಮುಕ್ತವಾಗಿ ಕೊಡ್ತಿದೆ. ಒಬ್ಬ ಹೊಸಬ ಕನ್ನಡ ಆಡಿಯೋ ಆ್ಯಪ್ ಮಾಡಬೇಕು ಅಂದ್ರೆ ಇಂಥದ್ದೇ ಆಧಾರ. ಇದರಲ್ಲಿ ಮಂಗಳೂರು, ಧಾರವಾಡ, ಕಲಬುರಗಿ ಮಾತಿನ ಜೊತೆಗೆ ತಮಿಳು ತೆಲುಗು ಸೇರಿಕೊಂಡಿರೋ ನಮ್ಮ ಗಡಿಯ ಕನ್ನಡವೂ ಇರಬೇಕು. ಇಲ್ಲದಿದ್ರೆ ಅತ್ತಿಬೆಲೆಯ ಅಜ್ಜಿ ಮಾತಾಡಿದ್ದು ಫೋನಿಗೆ ಅರ್ಥವೇ ಆಗಲ್ಲ. ಇನ್ನು ಸಬ್‌ಟೈಟಲ್ ವಿಷಯ. ಐಐಎಂ ಅಹಮದಾಬಾದಿನ ಬ್ರಿಜ್ ಕೊಠಾರಿಯವರು 1990ರ ದಶಕದಲ್ಲೇ ಒಂದು ಸರಳ ಉಪಾಯ ಹೇಳಿದರು: ಟಿವಿಯಲ್ಲಿ ಬರೋ ಹಾಡಿಗೆ ಅದೇ ಭಾಷೆಯ ಸಬ್‌ಟೈಟಲ್ ಹಾಕಿ, ಜನ ತಾವಾಗಿಯೇ ಓದೋದು ರೂಢಿ ಮಾಡಿಕೊಳ್ತಾರೆ. ನಮ್ಮ ಕಾಲೇಜಿನಲ್ಲೇ ನೋಡಿ, ಕನ್ನಡ ಚೆನ್ನಾಗಿ ಮಾತಾಡ್ತಾರೆ, ಓದೋಕೆ ಕೊಟ್ರೆ ತಡವರಿಸ್ತಾರೆ. ಕನ್ನಡ ಸಿನಿಮಾಗೆ ಕನ್ನಡದ್ದೇ ಸಬ್‌ಟೈಟಲ್ ಇದ್ರೆ ಇವರಿಗೂ ಅನುಕೂಲ, ಕಿವಿ ಕೇಳದವರಿಗೂ ಅನುಕೂಲ.

ಮೂರನೆಯದು ಸಂಗ್ರಹ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ 1934ರಲ್ಲಿ ಬಂತು. ಇವತ್ತು ಅದರ ಒಂದು ಪ್ರತಿಯೂ ಉಳಿದಿಲ್ಲ. ಆರಂಭವೇ ಕಳೆದುಹೋಗಿರೋ ಉದ್ಯಮ ನಮ್ಮದು. ಅದೇ 2025ರ ಬಜೆಟ್‌ನಲ್ಲಿ ಚಲನಚಿತ್ರ ಭಂಡಾರಕ್ಕೆ 3 ಕೋಟಿ ರೂಪಾಯಿ ಇಟ್ಟಿದ್ದಾರೆ. ಫಿಲ್ಮ್ ಸಿಟಿಯ ಅಂದಾಜು 500 ಕೋಟಿ. ಎರಡು ಸಂಖ್ಯೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ, ನಾನು ಬೇರೆ ಏನೂ ಹೇಳಲ್ಲ.

ಈ ಮೂರಕ್ಕೂ ಸೇರಿ ನನ್ನ ಬೇಡಿಕೆ ಒಂದೇ: ಸರ್ಕಾರದ ದುಡ್ಡು ಬಿದ್ದ ಕನ್ನಡ ಎಲ್ಲರ ಬಳಕೆಗೆ ಸಿಗಬೇಕು. ಸರ್ಕಾರದ ಅಕಾಡೆಮಿ, ಪ್ರಾಧಿಕಾರಗಳು ಹಕ್ಕು ಹೊಂದಿರೋ ಪುಸ್ತಕಗಳು ಯೂನಿಕೋಡ್‌ನಲ್ಲಿ, ಯಾರು ಬೇಕಾದರೂ ಬಳಸೋ ಲೈಸೆನ್ಸ್‌ನಲ್ಲಿ ಬರಲಿ. ಸಹಾಯಧನ ಪಡೆದ ಸಿನಿಮಾದ ಹಕ್ಕು ನಿರ್ಮಾಪಕರ ಹತ್ತಿರವೇ ಇರಲಿ, ಆದರೆ ಒಂದು ಒಳ್ಳೆ ಡಿಜಿಟಲ್ ಪ್ರತಿ ಭಂಡಾರಕ್ಕೆ ಹೋಗಲಿ, ಕನ್ನಡ ಸಬ್‌ಟೈಟಲ್ ಕಡ್ಡಾಯ ಆಗಲಿ. ಎವಿಜಿಸಿ ನೀತಿ ಎಷ್ಟು ರಫ್ತಾಯಿತು ಅಂತ ಲೆಕ್ಕ ಇಡೋ ಹಾಗೆಯೇ ಎಷ್ಟು ನಿಮಿಷ ಕನ್ನಡ ಅನಿಮೇಷನ್ ಬಂತು, ಎಷ್ಟು ಕನ್ನಡ ಗೇಮ್ ಬಂತು ಅಂತಲೂ ಲೆಕ್ಕ ಇಡಲಿ.

ಇದಕ್ಕೆ ಒಂದು ಗಟ್ಟಿ ಆಕ್ಷೇಪಣೆ ಇದೆ. ‘ಎಲ್ಲ ಮುಕ್ತವಾಗಿ ಇಟ್ಟರೆ ದೊಡ್ಡ ಕಂಪನಿಗಳು ಎಐಗೆ ತುಂಬಿಕೊಂಡು ದುಡ್ಡು ಮಾಡ್ತವೆ.’ ಮಾಡ್ತವೆ, ಸುಳ್ಳಲ್ಲ. ಹೊಸೂರು ರಸ್ತೆಯಲ್ಲಿ ದೊಡ್ಡ ಕಂಪನಿಯ ಲಾರಿಯೂ ಓಡುತ್ತೆ, ಜಿಗಣಿ ಫ್ಯಾಕ್ಟರಿಗೆ ಹೋಗೋರ ಸ್ಕೂಟಿಯೂ ಓಡುತ್ತೆ. ಲಾರಿ ಓಡುತ್ತೆ ಅಂತ ರಸ್ತೆ ಮುಚ್ಚಿದ್ರೆ ಲಾರಿಯವರು ಬೇರೆ ದಾರಿ ಹುಡುಕಿಕೊಳ್ತಾರೆ, ಸ್ಕೂಟಿಯವರು ಮನೆಯಲ್ಲಿ ಕೂರ್ತಾರೆ. ದೊಡ್ಡವರಿಗೆ ಡೇಟಾ ಕೊಂಡುಕೊಳ್ಳೋ ಶಕ್ತಿ ಇದೆ. ಇಲ್ಲದಿರೋದು ನಮಗೆ.

ಯಾಕೆ ಇಷ್ಟು ಹೇಳ್ತಿದ್ದೀನಿ ಅಂದ್ರೆ, ನನ್ನ ಅಕ್ಕನ ಮಗಳಿಗೆ ನಾಲ್ಕು ವರ್ಷ. ಅವಳಿಗೆ ಬಣ್ಣಗಳ ಹೆಸರು ಇಂಗ್ಲಿಷಿನಲ್ಲಿ ಬರುತ್ತೆ, ಪ್ರಾಣಿಗಳ ಹೆಸರು ಹಿಂದಿಯಲ್ಲಿ ಬರುತ್ತೆ, ಎರಡನ್ನೂ ಕಲಿಸಿದ್ದು ಫೋನು. ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡ್ತೀವಿ. ಊಟ ಮಾಡಿಸುವಾಗ ಹಾಕೋಕೆ ಒಳ್ಳೆ ಕನ್ನಡ ಕಾರ್ಟೂನ್ ಹುಡುಕಿದ್ರೆ ಐದು ನಿಮಿಷದಲ್ಲಿ ಪಟ್ಟಿ ಖಾಲಿಯಾಗಿ, ಆರನೇ ನಿಮಿಷಕ್ಕೆ ಯೂಟ್ಯೂಬ್ ತಾನಾಗಿಯೇ ಬೇರೆ ಭಾಷೆಗೆ ಹೋಗುತ್ತೆ. ಅವಳು ಶಾಲೆಗೆ ಸೇರೋದು ಇನ್ನೆರಡು ವರ್ಷಕ್ಕೆ. ಎವಿಜಿಸಿ ನೀತಿಯ ಅವಧಿ 2029ಕ್ಕೆ ಮುಗಿಯುತ್ತೆ. ಆ ಹೊತ್ತಿಗೆ ಅವಳ ಕಾರ್ಟೂನ್ ವಯಸ್ಸೂ ಮುಗೀತಾ ಬಂದಿರುತ್ತೆ.

ಸರ್ಕಾರ ಮಾಡೋವರೆಗೆ ನಾವೇನು ಮಾಡೋದು? ಕನ್ನಡ ವಿಕಿಪೀಡಿಯದಲ್ಲಿ 30 ಸಾವಿರ ಲೇಖನ ದಾಟಿವೆ, ನಮಗಿಂತ ಕಡಿಮೆ ಜನ ಮಾತಾಡೋ ಮಲಯಾಳದಲ್ಲಿ 80 ಸಾವಿರ ದಾಟಿವೆ. ನಮ್ಮ ಕ್ಲಬ್ ರಾಜ್ಯೋತ್ಸವಕ್ಕೆ ಬಾವುಟ, ಡಿಜೆಗೆ ಎಷ್ಟು ಖರ್ಚು ಮಾಡುತ್ತೆ ಅಂತ ನಮಗೆ ಗೊತ್ತು. ಈ ವರ್ಷ ಅದರ ಜೊತೆಗೆ ಒಂದು ಶನಿವಾರ ಲ್ಯಾಬ್ ಕೇಳಿ ತೆಗೆದುಕೊಳ್ಳೋಣ. ಮುತ್ಯಾಲಮಡುವು, ಹುಸ್ಕೂರು ಜಾತ್ರೆ, ನಮ್ಮ ಕೆರೆಗಳು, ಹೀಗೆ ಆನೇಕಲ್ ತಾಲ್ಲೂಕಿನ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಏನಿದೆ, ಏನಿಲ್ಲ ಅಂತ ನೋಡಿ, ಇಲ್ಲದ್ದನ್ನು ಬರೆಯೋಣ. ಕನ್ನಡ ಟೈಪ್ ಮಾಡೋಕೆ ಬರದವರೂ ಬನ್ನಿ, ಹತ್ತು ನಿಮಿಷದಲ್ಲಿ ಹೇಳಿಕೊಡ್ತೀವಿ.