ಲ್ಯಾಟಿನ್ ಹೋಯಿತು, ಮನೆಮಾತು ಬಂತೇ?

ಕ್ರಿಸ್ಮಸ್ ರಜೆಯಲ್ಲಿ ನಾವು ನಾಲ್ಕು ಮಂದಿ ಮೇಷ್ಟ್ರುಗಳು ಹಳೆ ವಿದ್ಯಾರ್ಥಿಯೊಬ್ಬನ ಮನೆಗೆ ಊಟಕ್ಕೆ ಹೋಗಿದ್ದೆವು. ಮನೆಮಾತು ಕೊಂಕಣಿ, ಓದಿದ್ದೆಲ್ಲ ಕನ್ನಡ ಶಾಲೆಯಲ್ಲಿ. ಊಟ ಮುಗಿದ ಮೇಲೆ ಎಂಬತ್ತು ದಾಟಿದ ಅಜ್ಜಿ, ತಾನು ಹುಡುಗಿಯಾಗಿದ್ದಾಗ ಇಗರ್ಜಿಯಲ್ಲಿ ಕೇಳುತ್ತಿದ್ದ ಲ್ಯಾಟಿನ್ ಪ್ರಾರ್ಥನೆಯನ್ನು ಹಾಡಿ ತೋರಿಸಿದರು. ಒಂದು ಸಾಲೂ ತಪ್ಪಲಿಲ್ಲ. ಅರ್ಥ ಕೇಳಿದರೆ, "ಅದೆಲ್ಲ ನನಗೆಲ್ಲಿ ಗೊತ್ತು ಮಾಸ್ಟ್ರೇ, ಆದರೆ ಅದು ನಿಂತಾಗ ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ ಆಯ್ತು" ಅಂದರು. ಮೊಮ್ಮಗ ನಕ್ಕ. ಅರ್ಥವಾಗದ ಭಾಷೆಯಲ್ಲಿ ಪ್ರಾರ್ಥನೆ ಯಾಕೆ ಅಂತ ಅವನ ಪ್ರಶ್ನೆ.

ನಾವೂ ಅವನ ಕಡೆಗೇ ಇದ್ದೆವು. ತಾಯಿನುಡಿಯಲ್ಲೇ ಕಲಿಯಬೇಕು ಅನ್ನುವುದು ನಮ್ಮ ಕಸುಬು, ನಮ್ಮ ಅನ್ನ. ಆದರೆ ದಾರಿಯುದ್ದಕ್ಕೂ ಅಜ್ಜಿಯ ಮಾತು ಕಾಡಿತು. ಆಮೇಲೆ ಸಿಕ್ಕಿದ್ದನ್ನು ಓದುತ್ತ ಹೋದಾಗ ವಿಷಯ ನಾವು ತಿಳಿದಷ್ಟು ಸರಳವಲ್ಲ ಅನ್ನಿಸಿತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೊದಲು ನಡೆದದ್ದೇನು ನೋಡೋಣ. 1570ರಲ್ಲಿ ಐದನೇ ಪಯಸ್ ಪೋಪರು ಲ್ಯಾಟಿನ್ ಪೂಜಾಗ್ರಂಥವನ್ನು ಒಂದು ರೂಪಕ್ಕೆ ತಂದರು. ಆಗಲೂ 200 ವರ್ಷಕ್ಕಿಂತ ಹಳೆಯ ಸ್ಥಳೀಯ ಪದ್ಧತಿಗಳಿಗೆ ಉಳಿಯಲು ಅವಕಾಶ ಕೊಟ್ಟರು; ಮಿಲಾನ್ ನಗರದ ಪದ್ಧತಿ ಇಂದಿಗೂ ಬೇರೆಯೇ. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದಾಖಲೆ ಲ್ಯಾಟಿನ್ ಉಳಿಯಲಿ ಎಂದೇ ಹೇಳಿ, ಜನರ ಭಾಷೆಗಳಿಗೂ ಬಾಗಿಲು ತೆರೆಯಿತು. 1969ರ ಕೊನೆಗೆ ಹೊಸ ಪೂಜಾಕ್ರಮ ಬಂತು. ಕೆಲವೇ ವರ್ಷಗಳಲ್ಲಿ ಹೆಚ್ಚಿನ ಊರುಗಳಲ್ಲಿ ಲ್ಯಾಟಿನ್ ಮರೆಯಾಯಿತು.

ಇದನ್ನು ಒಪ್ಪದ ಸಂಪ್ರದಾಯಸ್ಥ ಕೆಥೊಲಿಕರು ಇಂದಿಗೂ ಇದ್ದಾರೆ. ಪೂಜೆ ಒಂದು ತಲೆಮಾರಿನ ಸ್ವತ್ತಲ್ಲ, ಹಿರಿಯರಿಂದ ಪಡೆದು ಕಿರಿಯರಿಗೆ ದಾಟಿಸುವ ನಿಧಿ, ಅದನ್ನು ಸಮಿತಿ ಕೂತು ತಿದ್ದುವಂತಿಲ್ಲ ಅನ್ನುವುದು ಅವರ ವಾದ. ಪಾದ್ರಿಯೂ ಜನರೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುವುದು, ನಡುವಿನ ಮೌನ, ಹಳೆಯ ಗ್ರೆಗೊರಿಯನ್ ರಾಗ, ಇವೆಲ್ಲ ಅವರಿಗೆ ಪ್ರಾರ್ಥನೆಯ ಭಾಗವೇ. 1971ರಲ್ಲಿ ಇಂಗ್ಲೆಂಡಿನ ಲೇಖಕರು, ಕಲಾವಿದರು ಹಳೆಯ ಪೂಜೆ ಉಳಿಸಿ ಎಂದು ಪೋಪರಿಗೆ ಮನವಿ ಕೊಟ್ಟರು. ಸಹಿ ಹಾಕಿದವರಲ್ಲಿ ಕೆಥೊಲಿಕ್ ಅಲ್ಲದ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಯೂ ಇದ್ದರು. ಆ ವರ್ಷವೇ ಇಂಗ್ಲೆಂಡಿಗೆ ರಿಯಾಯಿತಿ ಸಿಕ್ಕಿತು. 2007ರಲ್ಲಿ ಬೆನೆಡಿಕ್ಟ್ ಪೋಪರು ಹಳೆಯ ಪೂಜೆಗೆ ಅವಕಾಶ ಹೆಚ್ಚಿಸಿದರು, 2021ರಲ್ಲಿ ಫ್ರಾನ್ಸಿಸ್ ಪೋಪರು ಮತ್ತೆ ಬಿಗಿಗೊಳಿಸಿದರು. ಜಗಳ ಮುಗಿದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ಲ್ಯಾಟಿನ್ ಆಕಾಶದಿಂದ ಇಳಿದದ್ದಲ್ಲ. ರೋಮಿನ ಕ್ರೈಸ್ತರು ಮೊದಲು ಗ್ರೀಕಿನಲ್ಲಿ ಪ್ರಾರ್ಥಿಸುತ್ತಿದ್ದರು. ನಾಲ್ಕನೇ ಶತಮಾನದ ಹೊತ್ತಿಗೆ ಜನರಿಗೆ ತಿಳಿಯಲೆಂದು ಲ್ಯಾಟಿನ್ ಬಂತು. ಆದ್ದರಿಂದ ಬದಲಾವಣೆಯೇ ಪಾಪ ಅನ್ನುವ ವಾದವನ್ನು ನಾವು ಒಪ್ಪುವುದಿಲ್ಲ. ನಮ್ಮ ತಕರಾರು ಬೇರೆ. "ಜನರ ಭಾಷೆ" ಅನ್ನುತ್ತಾರಲ್ಲ, ಯಾವ ಜನರದ್ದು?

ಇದಕ್ಕೆ ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿ ಪ್ರಾಂತ್ಯವನ್ನು ನೋಡಬೇಕು. ಅದರ ಪಶ್ಚಿಮ ಭಾಗದ ಹಳ್ಳಿಗರ ಮಾತು ಬ್ರೆಟನ್. ಅದು ಫ್ರೆಂಚಿನ ಉಪಭಾಷೆಯಲ್ಲ, ವೇಲ್ಸ್ ದೇಶದ ಭಾಷೆಯ ಬಂಧು. ಅಲ್ಲಿ ಪೂಜೆ ಲ್ಯಾಟಿನ್ನಿನಲ್ಲಿ, ಆದರೆ ಧರ್ಮೋಪದೇಶ, ಪ್ರಸಂಗ, ಭಕ್ತಿಗೀತೆ, ಜಾತ್ರೆಯ ಹಾಡು ಬ್ರೆಟನ್ನಿನಲ್ಲಿ. ಹದಿನೇಳನೇ ಶತಮಾನದಲ್ಲಿ ಜೂಲಿಯನ್ ಮೋನ್ವಾರ್ ಎಂಬ ಯೇಸುಸಭೆಯ ಪಾದ್ರಿ ಬ್ರೆಟನ್ ಕಲಿತು, ಹಾಡು ಕಟ್ಟಿ, ಬಣ್ಣದ ಚಿತ್ರಪಟ ತೂಗುಹಾಕಿ ಅಕ್ಷರ ಬಾರದ ರೈತರಿಗೆ ಪಾಠ ಮಾಡಿದರು. ನಮ್ಮ ತರಬೇತಿಯಲ್ಲಿ ಬೋಧನೋಪಕರಣ ಅಂತ ಹೇಳಿಕೊಟ್ಟದ್ದು ಇದನ್ನೇ ಅಲ್ಲವೇ? 1624ರಲ್ಲಿ ನಿಕೊಲಾಜಿಕ್ ಎಂಬ ರೈತನಿಗೆ ಸಂತ ಅನ್ನಾ ಕಾಣಿಸಿಕೊಂಡಾಗ ಆಕೆ ಮಾತಾಡಿದ್ದು ಬ್ರೆಟನ್ನಿನಲ್ಲಿ ಎಂದು ಅಲ್ಲಿನ ನಂಬಿಕೆ. ಸಂತ ಈವ್ ಅವರ ಕಥೆಯಂತೂ ನಮಗೆ ಗುರುತಿನದ್ದೇ. ಅಡುಗೆಯ ಪರಿಮಳ ಮೂಸಿದ ಬಡವ ದುಡ್ಡು ಕೊಡಬೇಕೆಂದು ಸಿರಿವಂತ ದಾವೆ ಹೂಡಿದ. ಈವ್ ನಾಣ್ಯ ಕುಲುಕಿ, ವಾಸನೆಗೆ ಈ ಸದ್ದೇ ಬೆಲೆ ಎಂದು ತೀರ್ಪು ಕೊಟ್ಟರು. ನಮ್ಮಲ್ಲೂ ಮಕ್ಕಳಿಗೆ ಇಂಥದ್ದೇ ಕಥೆ ಹೇಳುತ್ತೇವೆ.

ಸರಕಾರಕ್ಕೆ ಈ ಭಾಷೆ ಬೇಡವಾಗಿತ್ತು. 1902ರಲ್ಲಿ ಪ್ರಧಾನಿ ಎಮಿಲ್ ಕೊಂಬ್, ಇಗರ್ಜಿಗಳ ಪ್ರಸಂಗ ಮತ್ತು ಧರ್ಮೋಪದೇಶದಲ್ಲಿ ಬ್ರೆಟನ್ ಬಳಸಬಾರದೆಂದು ಸುತ್ತೋಲೆ ಹೊರಡಿಸಿದರು. ಆಗ ಪಾದ್ರಿಗಳಿಗೆ ಸಂಬಳ ಸರಕಾರದ್ದು. ಮಾತು ಕೇಳದವರ ಸಂಬಳ ನಿಂತಿತು. ಎಷ್ಟೋ ಪಾದ್ರಿಗಳು ಸಂಬಳ ಬಿಟ್ಟರು, ಬ್ರೆಟನ್ ಬಿಡಲಿಲ್ಲ. ಶಾಲೆಗಳಲ್ಲಾದರೋ ಬ್ರೆಟನ್ ಆಡಿದ ಮಗುವಿನ ಕೊರಳಿಗೆ ಮರದ ಚಪ್ಪಲಿಯಂಥ ಏನಾದರೊಂದು ನೇತುಹಾಕುತ್ತಿದ್ದರು. ಆ ಮಗು ಬ್ರೆಟನ್ ಆಡುವ ಇನ್ನೊಂದು ಮಗುವನ್ನು ಹಿಡಿದು ಅದನ್ನು ದಾಟಿಸಬೇಕು. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಶಿಕ್ಷೆ. ಹಾಕಿದವರು ನಮ್ಮಂಥ ಮೇಷ್ಟ್ರುಗಳೇ!

ಇಷ್ಟೆಲ್ಲ ತಡೆದುಕೊಂಡ ಊರಿನಲ್ಲಿ 1960ರ ದಶಕದಲ್ಲಿ ಲ್ಯಾಟಿನ್ ಹೋದಾಗ ಆ ಜಾಗಕ್ಕೆ ಬಂದದ್ದು, ಬಹುಪಾಲು ಕಡೆ, ಫ್ರೆಂಚ್. ಲ್ಯಾಟಿನ್ ಯಾರ ಮನೆಯ ಮಾತೂ ಅಲ್ಲ, ಹಾಗಾಗಿ ಅದು ಬ್ರೆಟನ್ನಿಗೆ ದಾಯಾದಿಯಾಗಿರಲಿಲ್ಲ. ಫ್ರೆಂಚ್ ಹಾಗಲ್ಲ, ಕಚೇರಿ, ಶಾಲೆ, ಪಟ್ಟಣಗಳನ್ನು ಮೊದಲೇ ಹಿಡಿದಿತ್ತು. ಇಗರ್ಜಿಯೊಂದೇ ಬ್ರೆಟನ್ನಿಗೆ ಗೌರವದ ಜಾಗವಾಗಿತ್ತು, ಅದೂ ಕೈಬಿಟ್ಟಿತು. ಭಾಷೆ ಕುಸಿದದ್ದು ಇದೊಂದರಿಂದಲೇ ಅನ್ನುವುದು ತಪ್ಪು. ತಾಯಂದಿರು ಮಕ್ಕಳೊಡನೆ ಫ್ರೆಂಚ್ ಆಡತೊಡಗಿದ್ದು ಅದಕ್ಕೂ ಮೊದಲೇ. ಆದರೆ ಕೊನೆಯ ಆಸರೆಗಳಲ್ಲಿ ಒಂದು ಹೋಯಿತು. 1977ರಲ್ಲಿ ಬ್ರೆಟನ್ ಮಾಧ್ಯಮದ ದಿವಾನ್ ಶಾಲೆಗಳು ಹುಟ್ಟಿ ದುಡಿಯುತ್ತಿವೆ. ನೂರು ವರ್ಷದ ಹಿಂದೆ ಹತ್ತು ಲಕ್ಷ ಮಂದಿ ಆಡುತ್ತಿದ್ದ ಭಾಷೆಗೆ ಈಗ ಒಂದು ಲಕ್ಷದ ಆಸುಪಾಸು ಜನ.

ಹಳೆಯದನ್ನೂ ತಮ್ಮದನ್ನೂ ಒಟ್ಟಿಗೆ ಉಳಿಸಿಕೊಳ್ಳಬಹುದಿತ್ತೇ? ಬಹುದಿತ್ತು. ಕ್ರೊಯೇಶಿಯದ ಸೆನ್ ಊರಿನ ಬಿಷಪರಿಗೆ 1248ರಲ್ಲೇ ಪೋಪರು ಸ್ಲಾವೊನಿಕ್ ಭಾಷೆಯಲ್ಲಿ ರೋಮನ್ ಪೂಜೆ ನಡೆಸಲು ಅನುಮತಿ ಕೊಟ್ಟಿದ್ದರು. ಸಂಪ್ರದಾಯ ಅಂದರೆ ಲ್ಯಾಟಿನ್ ಮಾತ್ರ ಎಂದು ಹಟ ಹಿಡಿಯುವವರು ಇದನ್ನು ನೆನಪಿಡಬೇಕು. ಸುಧಾರಣೆ ಅಂದರೆ ದೊಡ್ಡ ಭಾಷೆ ಎಂದುಕೊಂಡವರೂ ನೆನಪಿಡಬೇಕು.

ಈಗ ನಮ್ಮ ಅಂಗಳಕ್ಕೆ ಬರೋಣ. 2017ರಲ್ಲಿ ಕೇರಳದಲ್ಲಿ ಮಲಯಾಳ ಕಡ್ಡಾಯವಾದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು, ನಾವೂ ಹೋಗಿದ್ದೆವು. "ರಾಜ್ಯದ ಭಾಷೆ ಕಲಿತರೆ ನಿಮಗೇ ಒಳ್ಳೆಯದು" ಅಂದವರ ಮೇಲೆ ನಮಗೆ ಸಿಟ್ಟು ಬಂದಿತ್ತು. ಆದರೆ ನಮ್ಮ ತರಗತಿಯಲ್ಲಿ ಕೊಂಕಣಿ, ತುಳು, ಬ್ಯಾರಿ, ಮರಾಟಿ ಮಕ್ಕಳು ಕೂತಿದ್ದಾರೆ. ಅವರು ತಮ್ಮ ತಮ್ಮಲ್ಲಿ ಮಾತಾಡಿದಾಗ "ಏಯ್, ಕನ್ನಡದಲ್ಲಿ ಮಾತಾಡಿ" ಅಂತ ನಾವು ಎಷ್ಟು ಸಲ ಗದರಿಸಿಲ್ಲ? ಕೊರಳಿಗೆ ಚಪ್ಪಲಿ ಕಟ್ಟಲಿಲ್ಲ, ನಿಜ. ಒಬ್ಬ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ಮಾತ್ರ ಉಂಟು. ಆ ಹುಡುಗ ಬೇರೆ ಯಾರೂ ಅಲ್ಲ, ನಮಗೆ ಊಟ ಹಾಕಿದವನೇ. ಅಂದು ಅವನು ಅದನ್ನು ನೆನಪಿಸಲಿಲ್ಲ. ಮನೆಗೆ ಬಂದ ಮೇಲೆ ನಮಗೇ ನೆನಪಾಯಿತು.

ಕನ್ನಡ ಶಾಲೆ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೊಡ್ಡ ಭಾಷೆಯ ಎದುರು ನಾವು ಕೇಳುವ ನ್ಯಾಯವನ್ನು ನಮಗಿಂತ ಚಿಕ್ಕ ಭಾಷೆಗೆ ಕೊಡದಿದ್ದರೆ ನಮ್ಮ ಬಾಯಲ್ಲಿ ಆ ಮಾತಿಗೆ ಬೆಲೆಯಿಲ್ಲ. ಈ ವರ್ಷದಿಂದ ನಮ್ಮ ಶಾಲೆಯ ಶುಕ್ರವಾರದ ಸಭೆಯಲ್ಲಿ ಮಕ್ಕಳು ಅಜ್ಜಿಯಿಂದ ಕೇಳಿದ ಹಾಡು, ಒಗಟು, ಕಥೆಯನ್ನು ಮನೆಮಾತಿನಲ್ಲೇ ಹೇಳಿ, ಆಮೇಲೆ ಕನ್ನಡದಲ್ಲಿ ಅರ್ಥ ಹೇಳುತ್ತಾರೆ. ಕನ್ನಡ ಇದರಿಂದ ಬಡವಾಗಿಲ್ಲ, ಮಕ್ಕಳ ಬಾಯಿ ಬಿಚ್ಚಿದೆ.

ನಿಮ್ಮ ಶಾಲೆಗಳಲ್ಲಿ ಹೇಗೆ ನಡೆಯುತ್ತಿದೆ? ಬರೆದು ತಿಳಿಸಿ.