‘ಟಿಕ್’ ಎಂದರೆ ಸಾಕು
ಕಳೆದ ತಿಂಗಳು ಜನಕಪುರಿಯ ಮನೆ ಮುಂದೆ ಬೈಕಿನ ಆಯಿಲ್ ಬದಲಿಸುವಾಗ ‘ಇನ್ನೊಂಚೂರು ಬಿಗಿ ಮಾಡೋಣ’ ಎಂದು ಡ್ರೈನ್ ಬೋಲ್ಟ್ ತಿರುಗಿಸಿದೆ. ಇಂಜಿನ್ನಿನ ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತುಬಂತು. ಬೇಕಿದ್ದುದು 24 ನ್ಯೂಟನ್ ಮೀಟರ್ ಅಷ್ಟೇ. ಊರಿನ ಮೆಕ್ಯಾನಿಕ್‌ಗೆ ಕೈಯೇ ಅಳತೆಗೋಲು. ನಮ್ಮಂಥವರಿಗೆ ಟಾರ್ಕ್ ರೆಂಚ್ ಬೇಕು.

ಆದರೆ ಒಂದೇ ರೆಂಚ್ ಎಲ್ಲಕ್ಕೂ ಆಗದು. ಗರಿಷ್ಠ ಮಿತಿಯ ಶೇ. 20ಕ್ಕಿಂತ ಕೆಳಗೆ ಅದರ ಅಳತೆ ನಂಬುವಂತಿಲ್ಲ. ಸಣ್ಣ ಬೋಲ್ಟ್‌ಗಳಿಗೆ 5ರಿಂದ 25 ನ್ಯೂಟನ್ ಮೀಟರಿನ ಕಾಲಿಂಚು ಡ್ರೈವ್, ಚಕ್ರದ ಆಕ್ಸಲ್ ನಟ್‌ಗೆ ಅರ್ಧ ಇಂಚಿನದು. ಬಿಗಿಯ ಲೆಕ್ಕ ಸರ್ವಿಸ್ ಮ್ಯಾನುಯಲ್‌ನಲ್ಲಿ ನೋಡಿ. ಬಿಚ್ಚಲು ರಿಂಗ್ ಸ್ಪ್ಯಾನರ್ ಇರಲಿ. ‘ಟಿಕ್’ ಎಂದೊಡನೆ ಕೈ ನಿಲ್ಲಿಸಿ. ಕೆಲಸ ಮುಗಿದ ಮೇಲೆ ಕನಿಷ್ಠ ಗುರುತಿಗೆ ಇಳಿಸಿಡಿ. ಇಲ್ಲವಾದರೆ ಒಳಗಿನ ಸ್ಪ್ರಿಂಗ್ ಸೋಲುತ್ತದೆ.

ಕರೋಲ್ ಬಾಗ್‌ಗೆ ಹೊರಟವರು ಮೊದಲು ಚಿಕ್ಕದನ್ನೇ ಕೊಳ್ಳಿ. ನನ್ನ ಥ್ರೆಡ್ ಉಳಿಸುತ್ತಿದ್ದುದು ಅದೇ.