ಪರದೆಯ ಮೇಲಿನ ಲೆಕ್ಕ ಮತ್ತು ಕಡತದೊಳಗಿನ ಲೆಕ್ಕ

ಜಾಲತಾಣದ ಮೂಲಕ ಆರ್ಡರ್ ಸ್ವೀಕರಿಸುವ ಪದ್ಧತಿ ಇಂದು ಸಣ್ಣ ಕೈಗಾರಿಕೆಗಳಿಗೂ ಸಗಟು ವರ್ತಕರಿಗೂ ಅನಿವಾರ್ಯವಾಗಿದೆ. ತಂತ್ರಾಂಶ ಸಂಸ್ಥೆಗೆ ಕೆಲಸ ವಹಿಸಿ, "ಪರೀಕ್ಷೆ ಮುಗಿದಿದೆ" ಎಂಬ ಒಂದೇ ಮಾತಿನ ಮೇಲೆ ಕೊನೆಯ ಕಂತು ಪಾವತಿಸುವುದು ರೂಢಿ. ಆ ಪರೀಕ್ಷೆ ಎಲ್ಲಿಯವರೆಗೆ ತಲುಪಿತೆಂದು ವಿಚಾರಿಸುವವರು ವಿರಳ.

ಮನುಷ್ಯನ ಬದಲು ಯಂತ್ರವೇ ಬ್ರೌಸರ್ ತೆರೆದು, ಗುಂಡಿಯೊತ್ತಿ, ಫಲಿತಾಂಶ ನೋಡುವ ವಿಧಾನ ಹೊಸತಲ್ಲ. ಥಾಟ್‌ವರ್ಕ್ಸ್ ಸಂಸ್ಥೆಯಲ್ಲಿ 2004ರಲ್ಲಿ ಜೇಸನ್ ಹಗ್ಗಿನ್ಸ್ ರೂಪಿಸಿದ ಸೆಲೆನಿಯಂ ಅದಕ್ಕೆ ದಾರಿ ಮಾಡಿತು. ಆದರೆ ಬ್ರೌಸರ್ ಕಾಣುವುದು ಅಂಗಡಿಯ ಮುಂಭಾಗವನ್ನಷ್ಟೇ. "ಆರ್ಡರ್ ಸ್ವೀಕೃತವಾಗಿದೆ" ಎಂದು ಪರದೆ ಹೇಳಿದರೂ ದಾಸ್ತಾನಿನಲ್ಲಿ ಸರಕು ಕಡಿಮೆಯಾಯಿತೇ, ಗ್ರಾಹಕನ ಖಾತೆಗೆ ಬಾಕಿ ಏರಿತೇ ಎಂಬುದು ಸರ್ವರ್‌ನ ದತ್ತಾಂಶದಲ್ಲಿ ಅಡಗಿರುತ್ತದೆ. ಬ್ರೌಸರ್ ಆ ದತ್ತಾಂಶವನ್ನು ನೇರವಾಗಿ ಮುಟ್ಟಲಾರದು, ಮುಟ್ಟಬಾರದು ಸಹ.

ಆದ್ದರಿಂದ ಬ್ರೌಸರ್ ಪರೀಕ್ಷೆಯ ನಡುವೆಯೇ ಸರ್ವರ್ ಬದಿಯ ಸಂಕೇತವನ್ನು ನಡೆಸುವ ಅಗತ್ಯ ಬೀಳುತ್ತದೆ. ಸಾಲದ ಮಿತಿ ಮೀರಿದ ಡೀಲರ್, ದಾಸ್ತಾನಿನಲ್ಲಿ ಉಳಿದ ಒಂದೇ ಪೆಟ್ಟಿಗೆಗೆ ಏಕಕಾಲಕ್ಕೆ ಬಂದ ಎರಡು ಆರ್ಡರ್: ವ್ಯಾಪಾರ ಕೆಡುವುದು ಇಂಥ ಕಡೆಯಲ್ಲೇ. ಇವನ್ನು ಪರದೆಯಲ್ಲಿ ಒಂದೊಂದಾಗಿ ಗುಂಡಿಯೊತ್ತಿ ಸೃಷ್ಟಿಸುವುದು ದೀರ್ಘ ಕಾರ್ಯ. ಸರ್ವರ್ ಸಂಕೇತ ಕ್ಷಣಮಾತ್ರದಲ್ಲಿ ಸಿದ್ಧಪಡಿಸುತ್ತದೆ, ಪರೀಕ್ಷೆಯ ನಂತರ ಕಡತವನ್ನೂ ತಾಳೆ ನೋಡುತ್ತದೆ.

ದಾರಿಗಳು ಹಲವು. ಸೈಪ್ರೆಸ್ ಎಂಬ ಸಾಧನದ ಪರೀಕ್ಷೆ ಬ್ರೌಸರ್‌ನೊಳಗೇ ನಡೆಯುವುದರಿಂದ, "ಟಾಸ್ಕ್" ಎಂಬ ಆಜ್ಞೆಯ ಮೂಲಕ ಹೊರಗಿನ ನೋಡ್ ಪ್ರಕ್ರಿಯೆಗೆ ಕೆಲಸ ಒಪ್ಪಿಸುತ್ತದೆ. ಮೈಕ್ರೋಸಾಫ್ಟ್ 2020ರಲ್ಲಿ ಹೊರತಂದ ಪ್ಲೇರೈಟ್‌ನಲ್ಲಿ ಪರೀಕ್ಷೆಯೇ ಬ್ರೌಸರ್‌ನ ಹೊರಗಿರುತ್ತದೆ. ಅದು ದತ್ತಾಂಶವನ್ನು ನೇರವಾಗಿ ತಲುಪಬಲ್ಲದು. ಇವೆರಡರಲ್ಲೂ ಜಾಲತಾಣದ ಗೋಡೆಗೆ ಹೊಸ ಬಾಗಿಲು ಕೊರೆಯಬೇಕಿಲ್ಲ.

ಮೂರನೆಯ ದಾರಿಯಲ್ಲಿ ಕೊರೆಯಬೇಕಾಗುತ್ತದೆ. ತಾಣದೊಳಗೇ ಒಂದು ಗುಪ್ತ ವಿಳಾಸವಿಟ್ಟು, ಅಲ್ಲಿಗೆ ಬಂದ ಆಜ್ಞೆಯನ್ನು ಸರ್ವರ್ ನಡೆಸುವಂತೆ ಮಾಡುವ ಕ್ರಮವಿದು. ಇದರ ಅನುಕೂಲವನ್ನು ಅಲ್ಲಗಳೆಯಲಾಗದು: ರಿಯಾಯಿತಿ, ತೆರಿಗೆಗಳ ನಿಯಮಗಳನ್ನು ಪರೀಕ್ಷೆಗಾಗಿ ಮತ್ತೊಮ್ಮೆ ಬರೆಯದೆ ತಾಣದ ಸ್ವಂತ ಸಂಕೇತವನ್ನೇ ಬಳಸಬಹುದು. ಆದರೆ ಈ ಬಗೆಯ ಸೈಪ್ರೆಸ್-ಆನ್-ರೈಲ್ಸ್ ಎಂಬ ಉಪಕರಣದ ನಿರ್ಮಾತೃಗಳೇ, ಅದು ಯಾವುದೇ ರೂಬಿ ಸಂಕೇತವನ್ನು ನಡೆಸಬಲ್ಲದು, ಹೊರಗಿನ ಸರ್ವರ್‌ಗಳಲ್ಲಿ ಬಳಸುವಾಗ ವಿಶೇಷ ಎಚ್ಚರ ಬೇಕೆಂದು ಸಂರಚನಾ ಕಡತದಲ್ಲೇ ಎಚ್ಚರಿಸಿದ್ದಾರೆ. ಆ ಬಾಗಿಲು ಮರೆವಿನಿಂದ ಚಾಲ್ತಿಯ ತಾಣದಲ್ಲಿ ಉಳಿದರೆ, ವಿಳಾಸ ಅರಿತ ಯಾರಾದರೂ ಬೆಲೆಪಟ್ಟಿ ತಿದ್ದಬಹುದು, ಬಾಕಿ ಅಳಿಸಬಹುದು, ಗ್ರಾಹಕರ ವಿವರವನ್ನೆಲ್ಲ ಹೊತ್ತೊಯ್ಯಬಹುದು. ಗೋದಾಮಿನ ಬೀಗದ ಕೈಯನ್ನು ಬಾಗಿಲಲ್ಲೇ ನೇತುಹಾಕಿದಂತೆ.

ಮರೆವು ದುಬಾರಿಯೆಂಬುದಕ್ಕೆ ಅಮೆರಿಕದ ಷೇರು ದಲ್ಲಾಳಿ ಸಂಸ್ಥೆ ನೈಟ್ ಕ್ಯಾಪಿಟಲ್ ಸಾಕ್ಷಿ. ಅಲ್ಲಿ ಉಳಿದದ್ದು ಪರೀಕ್ಷೆಯ ಬಾಗಿಲಲ್ಲ, 2003ರಲ್ಲೇ ಬಳಕೆ ನಿಂತಿದ್ದ ಹಳೆಯ ಸಂಕೇತ. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಸಂಕೇತ ಹಾಕುವುದು ತಪ್ಪಿಹೋಗಿ, 2012ರ ಆಗಸ್ಟ್ 1ರಂದು ಹಳೆಯದು ಎಚ್ಚೆತ್ತುಕೊಂಡಿತು. ಸುಮಾರು 45 ನಿಮಿಷಗಳ ವಹಿವಾಟು ತಂದ ನಷ್ಟ 46 ಕೋಟಿ ಡಾಲರಿಗೂ ಅಧಿಕ.

ಹೀಗೆಂದು ಭಯಪಟ್ಟು ಇಂಥ ಪರೀಕ್ಷೆಯನ್ನೇ ಕೈಬಿಡುವುದು ವಿವೇಕವಲ್ಲ. ಖರ್ಚು ಹೆಚ್ಚೆಂಬ ಆಕ್ಷೇಪ ನಿಜವಾದರೂ, ಎಲ್ಲ ಪುಟಗಳಿಗೂ ಇದು ಬೇಡ. ಹಣ, ದಾಸ್ತಾನು, ತೆರಿಗೆ ಬದಲಾಗುವ ಕೆಲವೇ ಹಂತಗಳಿಗೆ ಸಾಕು. ಜಿಎಸ್‌ಟಿ ಇ-ಇನ್‌ವಾಯ್ಸ್ ವಿಷಯದಲ್ಲಿ ಮಾತ್ರ ಪರೀಕ್ಷೆಗೆಂದೇ ಒದಗಿಸಿರುವ ಸ್ಯಾಂಡ್‌ಬಾಕ್ಸ್ ವ್ಯವಸ್ಥೆಯನ್ನೇ ಬಳಸತಕ್ಕದ್ದು. ನಿಜವಾದ ಪೋರ್ಟಲ್‌ನಲ್ಲಿ ದಾಖಲಾದ ಇನ್‌ವಾಯ್ಸನ್ನು ಅಲ್ಲಿ ರದ್ದುಪಡಿಸಲು ದೊರೆಯುವುದು 24 ಗಂಟೆ ಮಾತ್ರ.

ಕರಾರುಪತ್ರಕ್ಕೆ ಎರಡು ಷರತ್ತು ಸೇರಿಸುವುದು ಉದ್ಯಮಿಗಳ ಕೈಯಲ್ಲೇ ಇದೆ. ಪರೀಕ್ಷೆಯ ದತ್ತಾಂಶ ಚಾಲ್ತಿಯ ದತ್ತಾಂಶದಿಂದ ಸಂಪೂರ್ಣ ಪ್ರತ್ಯೇಕವಾಗಿರಬೇಕು. ಪರೀಕ್ಷೆಗಾಗಿ ವಿಶೇಷ ವಿಳಾಸ ಬಳಸಿದ್ದಲ್ಲಿ, ಚಾಲ್ತಿಯ ತಾಣದಲ್ಲಿ ಅದು ತೆರೆಯುವುದಿಲ್ಲವೆಂಬುದನ್ನು ಕೊನೆಯ ಕಂತಿಗೆ ಮೊದಲು ಎದುರಿನಲ್ಲೇ ತೋರಿಸಬೇಕು. ತರುವಾಯ ತಂತ್ರಾಂಶ ನವೀಕರಿಸಿದಾಗಲೆಲ್ಲ ಮತ್ತೆ ತೋರಿಸಬೇಕು.